ಇದ್ದಿಲಿನ ಮೇಲಿನ ಚುಕ್ಕೆಗಳು

ಸಿದ್ದಾಪುರದ ಕೆರಿಯಪ್ಪನ ಮಗಳು ರಕ್ಷಿತಾ ಅಡಿಕೆ ಸಿಪ್ಪೆ ಸುಟ್ಟು ಇದ್ದಿಲು ಮಾಡಿ, ಅದರಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯಲು ಹೊರಟವಳು. ಈ ಕೆಲಸಕ್ಕೆ ಬಳಸುವ ಪ್ಲಾಟಿನಂ ಬಹಳ ದುಬಾರಿ. ಇದ್ದಿಲೇ ಸಾಕು ಎಂದು ತೋರಿಸಿದರೆ ಅವಳಿಗೆ ಡಾಕ್ಟರೇಟ್. ಹುಬ್ಬಳ್ಳಿ ಕಡೆಯ ಒಂದು ಲ್ಯಾಬಿನಲ್ಲಿ ಐದು ವರ್ಷ ಅದೇ ಆಯಿತು. ಕೆರಿಯಪ್ಪ ಸಿಪ್ಪೆ ಒಣಗಿಸಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದ. ಇದ್ದಿಲು ಕೆಲಸ ಮಾಡಿತು. ಲೇಖನ ಬರೆದು ಕಳಿಸಿದ್ದೂ ಆಯಿತು.

ಉಳಿದದ್ದು ಸೂಜಿಯ ಸೂಕ್ಷ್ಮದರ್ಶಕದ ಚಿತ್ರ. ಕಣ್ಣಿಗೆ ಕಾಣದಷ್ಟು ಸಣ್ಣ ಮೊನೆಯ ಸೂಜಿ ಇದ್ದಿಲಿನ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ, ಸಾಲು ಸಾಲಾಗಿ ಓಡಾಡುತ್ತದೆ. ಹೈಡ್ರೋಜನ್ ಹುಟ್ಟುವ ಜಾಗ ಪರದೆಯಲ್ಲಿ ಹೊಳೆಯುತ್ತದೆ. ಇದ್ದಿಲೆಲ್ಲ ಹೊಳೆಯಬೇಕಿತ್ತು. ಹೊಳೆದದ್ದು ಅಲ್ಲೊಂದು ಇಲ್ಲೊಂದು ಚುಕ್ಕೆ. ಮಿಕ್ಕಿದ್ದೆಲ್ಲ ಕಪ್ಪು. ಸೂಜಿ ಹಾಳಾಗಿರಬೇಕೆಂದು ಬದಲಿಸಿದಳು. ಅವೇ ಚುಕ್ಕೆ.

ಆಗ ಆಸಿಡ್ಡಿನ ಪಾತ್ರೆಯ ಕಡೆ ನೋಡಿದಳು. ಕರೆಂಟು ಹರಿಸಲು ಆಸಿಡ್ಡಿನಲ್ಲಿ ಇದ್ದಿಲಿನ ಎದುರು ಇಟ್ಟಿದ್ದು ಪ್ಲಾಟಿನಂ ತಂತಿ. ಅದೇ ಚೂರು ಚೂರು ಕರಗಿ ಬಂದು ಇದ್ದಿಲಿನ ಮೇಲೆ ಕೂತಿದ್ದರೆ? ತಂತಿ ತೆಗೆದು ಗ್ರಾಫೈಟ್ ಕಡ್ಡಿ ಇಟ್ಟು, ಹೊಸ ಇದ್ದಿಲಿನಿಂದ ಮತ್ತೆ ಮಾಡಿದಳು. ಒಂದು ಚುಕ್ಕೆಯೂ ಇಲ್ಲ.

ಗೈಡ್ ಸತೀಶ ಸರ್ ಚಿತ್ರ ನೋಡಿ ಬಾಗಿಲು ಹಾಕಿದರು.

"ಲೇಖನ ಒಪ್ಪಿಗೆ ಆಗೇದ ನೋಡವ್ವ. ಈ ಚಿತ್ರ ಯಾರೂ ಕೇಳಿಲ್ಲ."

"ಸುಳ್ಳಾಗ್ತದೆ ಸರ್."

"ನಿನ್ನ ಅವಧಿ ಮುಗೀತು. ಮತ್ತ ಮೊದಲಿಂದ ಮಾಡಾಕ ಯಾರು ಬಿಡ್ತಾರ?"

"ಗೊತ್ತು ಸರ್. ವಾಪಸ್ ತಗೊಳ್ಳಿ."

ಅವರು ಲೇಖನ ವಾಪಸ್ ತೆಗೆದುಕೊಂಡರು. ಆಮೇಲೆ ಅವಳನ್ನು ಮಾತಾಡಿಸಲಿಲ್ಲ.

ಊರಿಗೆ ಬಂದಾಗ ಕೆರಿಯಪ್ಪ ಸಿಪ್ಪೆ ಹರವುತ್ತಿದ್ದ.

"ಬಿಡು ಅಪ್ಪಾ. ಇನ್ನು ಬೇಡ."

"ಎಂತಕ್ಕೆ? ನಮ್ಮ ಸಿಪ್ಪೆ ಸರಿ ಇಲ್ವನೇ?"

"ಅದು ಎಂತದೂ ಮಾಡೂದಿಲ್ಲ. ಮಾಡಿದ್ದು ಪ್ಲಾಟಿನಂ."

ಅವನು ಕೈಯಲ್ಲಿದ್ದ ಸಿಪ್ಪೆ ಕೆಳಗೆ ಹಾಕಿದ. "ಕೇರಿಯವ್ರು ಈಗ್ಲೇ ನಂಗೆ 'ಸಿಪ್ಪೆ ಡಾಕ್ಟ್ರ ಅಪ್ಪ' ಅಂತ ಕರೀತಾರೆ. ನೀನು ಬಾಯಿ ಮುಚ್ಕಂಡಿದ್ರೆ ಯಾರಿಗೆ ಗೊತ್ತಾಗ್ತಿತ್ತು ಮಾರಾಯ್ತಿ?"

"ಯಾರೋ ಓದಿ ಮತ್ತೆ ಸಿಪ್ಪೆ ಸುಡ್ತಿದ್ರು. ಅವ್ರದ್ದೂ ಐದು ವರ್ಷ ಹೋಗ್ತಿತ್ತು."

"ಅವ್ರು ಯಾರು ನಮಗೆ?"

ಅವಳು ಹರವಿದ್ದ ಸಿಪ್ಪೆ ಗುಡಿಸಿ ಒಟ್ಟು ಮಾಡತೊಡಗಿದಳು.

ಈಗ ಶಿರಸಿಯ ಒಂದು ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಕೆಮಿಸ್ಟ್ರಿ ಹೇಳುತ್ತಾಳೆ. ಬಸ್ಸಿನಲ್ಲಿ ಗುರುತಿನವರು ಸಿಕ್ಕರೆ, ಡಾಕ್ಟರೇಟ್ ಯಾವಾಗ ಎಂದು ಕೇಳುತ್ತಾರೆ. "ಆಗಲಿಲ್ಲ" ಎನ್ನುತ್ತಾಳೆ. ಕೆರಿಯಪ್ಪ ಜೊತೆಗಿದ್ದರೆ ಕಿಟಕಿಯ ಆಚೆ ನೋಡುತ್ತಾನೆ.