ಜಹಾಜಿನ ನಡುಕ ಹೊತ್ತು ಬಂದ ಮಲಕಾರಿ

“ಆಯಿ, ಜಹಾಜ ಅಂದ್ರ ಗಟ್ಟಿ ಕಬ್ಬಿಣ, ಅದು ಬಗ್ಗೂದಿಲ್ಲ ಅಂತ ತಿಳ್ಕೊಂಡೀರಿ ನೀವು. ನಾನೂ ಹಂಗ ತಿಳ್ಕೊಂಡಿದ್ದೆ. ನಮ್ಮ ಜಹಾಜ ಊರ ಅಗಸಿಯಿಂದ ಸಾಲಿ ತನಕ ಉದ್ದ ಇತ್ರಿ. ನಾವು ಇರೂ ಖೋಲಿ ಎಲ್ಲಾ ಹಿಂದಿನ ತುದಿಗೆ. ಅಲ್ಲಿ ನಿಂತು ನೋಡಿದ್ರ, ದೊಡ್ಡ ತೆರಿ ಬಂದಾಗ ಮುಂದಿನ ತುದಿ ಬ್ಯಾರೆ ಏಳತಿತ್ತು, ನಾವು ಬ್ಯಾರೆ ಏಳತಿದ್ದಿವಿ. ತೆರಿ ನಡು ಹೊಟ್ಟಿ ಕೆಳಗ ಬಂದ್ರ ಎರಡೂ ತುದಿ ಜೋತು ಬೀಳತಾವ, ಬೆನ್ನ ಉಬ್ಬಿಸಿದ ಬೆಕ್ಕಿನಂಗ. ಎರಡು ತುದಿಗೆ ಎರಡು ತೆರಿ ಬಂದ್ರ ನಡು ಕುಸೀತೈತಿ, ಹಳೀ ಹೊರಸಿನಂಗ. ಮೂತಿ ನೀರಿಗೆ ಬಡೀತಂದ್ರ ಢಬ್ ಅಂತ ಸಪ್ಪಳ, ಆಮ್ಯಾಲ ನಡುಕ. ಮುಂದಿಂದ ಹಿಂದಕ್ಕ ಓಡಿ ಬಂದು ನಮ್ಮ ಹಲ್ಲಾಗ ಸೇರತೈತಿ. ಬಿರುಗಾಳಿ ಇಲ್ಲದಾಗೂ ಸಣ್ಣ ತೆರಿ ಒಂದರ ಹಿಂದ ಒಂದು ತಟ್ಟಿದ್ರ ಚಹಾದ ಕಪ್ಪಿನ್ಯಾಗ ಸುತ್ತ ಗೆರಿ ಬೀಳತಾವ, ನಿಲ್ಲೂದ ಇಲ್ಲ. ಬಗ್ಗತೈತಿ ಅಂತನ ಉಳದೈತಿ, ಬಗ್ಗದಿದ್ರ ಮುರೀತಿತ್ತು ಅಂತಿದ್ರು ಜಹಾಜ ನಡಸೂ ಸಾಹೇಬರು. ನಾನು ಗ್ವಾಡಿಗೆ ಬೆನ್ನ ಹಚ್ಚಿ ಮಲಗತಿದ್ದೆ. ಅಪ್ಪ ಅಡವ್ಯಾಗ ಕುರಿ ಬೆನ್ನಿಗೆ ಬೆನ್ನ ಹಚ್ಚಿ ಮಲಗತಿದ್ದ ನೋಡ್ರಿ, ಹಂಗ. ನಡುಕ ಇದ್ರ ಜಹಾಜ ಜೀವಂತ ಐತಿ ಅಂತ ನಿದ್ದಿ ಬರತಿತ್ತು. ಈಗ ಈ ನೆಲಾ ಸುಮ್ಮನ ಬಿದ್ದೈತಲ್ಲರಿ. ಇದರ ಮ್ಯಾಲ ಹೆಂಗ ಮಲಗಲಿ?”

ನಮ್ಮ ಅಕ್ಕೋಳದಲ್ಲಿ ಮಲಕಾರಿಯ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ತೊಂಬತ್ಮೂರನೆಯ ಇಸವಿಯಲ್ಲಿ ಅವನು ನಮ್ಮ ಕಟ್ಟೆಯ ಮೇಲೆ ಕುಳಿತು ಈ ಮಾತು ಹೇಳಿದ. ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಜಹಾಜಿನ ಮಾತು ಕೇಳುವವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಎಷ್ಟು ಸಂಪಾದಿಸಿದೆ, ಏನು ತಂದೆ ಎಂದು ಕೇಳಿ ಎದ್ದು ಹೋಗುತ್ತಿದ್ದರು.

ಕುರಿ ಕಾಯುವವರ ಮಗ ಮಲಕಾರಿ. ಪ್ರಾಯದಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ಜಹಾಜು ಹತ್ತಿದ. ಗೋವೆಯಲ್ಲಿ ಕಬ್ಬಿಣದ ಕೆಂಪು ಮಣ್ಣು ತುಂಬಿ ಜಪಾನಿಗೆ ಒಯ್ಯುವ ಕೆಲಸ. ವರ್ಷಕ್ಕೊಮ್ಮೆ ಬರುವನು; ಹೆಂಡತಿ ದುಂಡವ್ವ ಅವನ ಮುಖ ಗುರುತು ಹಿಡಿಯುವಷ್ಟರಲ್ಲಿ ಹೊರಡುವನು. ಕಡೆಯ ಸಲ ಮಳೆಗಾಲದ ಸಮುದ್ರ. ಹೊಟ್ಟೆಯ ಕೋಣೆಗಳಲ್ಲಿ ಒಂದು ತುಂಬಿ, ಮಗ್ಗುಲದ್ದು ಖಾಲಿ, ಹೀಗೆ ಮಣ್ಣು ತುಂಬಿದ್ದರಿಂದ ಜಹಾಜು ಎಂದಿಗಿಂತ ಹೆಚ್ಚು ಬಗ್ಗಿತಂತೆ. ಸಾಹೇಬರು ವೇಗ ತಗ್ಗಿಸಿ, ತೆರೆಗೆ ಓರೆಯಾಗಿ ಜಹಾಜು ತಿರುಗಿಸಿ, ಹೇಗೋ ದಡ ಮುಟ್ಟಿಸಿದರು. ನೋಡಿದರೆ ಮೇಲಿನ ತಗಡು ಮೊಳದುದ್ದ ಸೀಳಿತ್ತು. ರಿಪೇರಿಗೆ ಜಹಾಜು ನಿಂತಿತು, ಆಳುಗಳನ್ನು ಊರಿಗೆ ಕಳಿಸಿದರು. ಇನ್ನು ಹತ್ತುವುದಿಲ್ಲ ಎಂದು ಮಲಕಾರಿ ಬಂದ. ದುಂಡವ್ವ ಹೊಸ ಕೌದಿ ಹಾಸಿದಳು.

ಕೌದಿ ಹಾಗೆಯೇ ಇತ್ತು. ಅವನು ಗೋಡೆಗೆ ಬೆನ್ನು ಕೊಟ್ಟು ಕೂತಿರುವನು. ಕಣ್ಣು ಮುಚ್ಚಿದ ಗಳಿಗೆಗೇ ಎಚ್ಚರವಾಗುವುದು. ವಾರ ಹದಿನೈದು ದಿನಕ್ಕೆ ಕಣ್ಣು ಕೆಂಪಾದವು, ಕೈ ನಡುಗತೊಡಗಿದವು, ಆಮೇಲೆ ಮೈಯೆಲ್ಲ.

ಅವನ ದೊಡ್ಡಪ್ಪ ವಿಠೋಬಾ ಬೀರದೇವರ ಗುಡಿಯ ಪೂಜೆ ಮಾಡುವವನು. ನೋಡಿದವನೇ ಹಣೆತುಂಬ ಅರಿಶಿನದ ಭಂಡಾರ ಬಳಿದ. “ಇದು ಜಡ್ಡಲ್ಲ. ದೇವರು ಮೈಮ್ಯಾಲ ಬರಾಕ ದಾರಿ ಹುಡುಕಾಕತ್ತಾನ.”

ದೇವರು ಬರುವ ಮೈ ಹೆಂಡತಿಯ ಹಾಸಿಗೆ ಮುಟ್ಟಬಾರದು, ಗುಡಿಯಲ್ಲೇ ಮಲಗಬೇಕು. ಅವರ ಮನೆತನದ ರೂಢಿ ಅದು. ಅಮಾವಾಸ್ಯೆಗೆ ಡೊಳ್ಳು ಬಾರಿಸಿ ದೇವರನ್ನು ಕೇಳುವುದು, ದೇವರು ಒಪ್ಪಿದರೆ ಮಲಕಾರಿ ಇನ್ನು ಗುಡಿಯವನು ಎಂದು ಗೊತ್ತು ಮಾಡಿದರು. ಅಷ್ಟರೊಳಗೇ ಜನ ಬರತೊಡಗಿದರು. ಮಳೆ ಯಾವಾಗ, ಮಗಳಿಗೆ ವರ ಎಲ್ಲಿ ಎಂದು ಕೇಳುವರು. ಅವನು ನಡುಗುತ್ತ ಕೂತಿರುವನು.

ದುಂಡವ್ವ ನನ್ನ ಬಳಿ ಬಂದಳು.

“ಸಮುದ್ರ ಬಿಡ್ತು, ಈಗ ಗುಡಿ ಹಿಡೀತು. ನಾ ಯಾರನ್ನ ಮದುವಿ ಆಗೇನ್ರಿ ಆಯಿ?”

“ನೀನ ಕೇಳಬೇಕವಾ ಅವನ್ನ.”

“ಕೇಳಿದೆ. ‘ದೊಡ್ಡಪ್ಪಗ ಜಹಾಜ ಗೊತ್ತಿಲ್ಲ, ಏನಂತ ಹೇಳಲಿ’ ಅಂತಾರ. ಹೇಳಾಕ ಬಾಯಿ ಇಲ್ಲೇನ್ರಿ?”

ಬಾಯಿ ಇತ್ತು. ಕೇಳುವ ಕಿವಿಗಳು ಇರಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಗುಡಿಯ ಮುಂದೆ ಓಣಿಯ ಜನವೆಲ್ಲ ಸೇರಿತು. ಮಲಕಾರಿಯನ್ನು ಕಂಬಳಿಯ ಮೇಲೆ ಕೂರಿಸಿದರು. ಅವನು ಸರಿದು ಸರಿದು ಕಲ್ಲಿನ ಗೋಡೆಗೆ ಬೆನ್ನು ಹಚ್ಚಿದ. ಡೊಳ್ಳು ಶುರುವಾಯಿತು. ಒಂದರ ಮೇಲೊಂದು ಏಟು ಬಿದ್ದಂತೆ ಗುಡಿಯ ಕಟ್ಟೆ, ಗೋಡೆ ಗುಮ್ಮೆಂದವು, ನಡುಕ ನನ್ನ ಅಂಗಾಲಿಗೂ ಹತ್ತಿತು. ಅವನ ಕೈ ನಡುಗುವುದು ನಿಂತಿತು. ಕತ್ತು ನಿಧಾನವಾಗಿ ಎದೆಯ ಮೇಲೆ ಬಂತು.

“ಬಂದ! ಬಂದ ನಮ್ಮಪ್ಪ!” ವಿಠೋಬಾ ಭಂಡಾರ ತೂರಿದ. “ಮಾತಾಡು ದೇವಾ!”

ದೇವರು ಗೊರ್ರೆಂದಿತು.

“ಮಾವಾ, ನಿಮ್ಮ ದೇವರು ಗೊರಕಿ ಹೊಡ್ಯಾಕತ್ತಾನಲ್ರೀ,” ಎಂದಳು ಎದುರುಮನೆಯ ಸಕ್ಕುಬಾಯಿ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

“ಬಾಯಿ ಮುಚ್ಚ ಬೇ!” ಎಂದು ಬೈದು ವಿಠೋಬಾ ಡೊಳ್ಳು ನಿಲ್ಲಿಸಲು ಕೈ ಎತ್ತಿದ.

“ನಿಲ್ಲಿಸಬ್ಯಾಡ್ರಿ!” ದುಂಡವ್ವ ಜನರ ನಡುವಿನಿಂದ ನುಗ್ಗಿ ಬಂದಳು. ಗಂಡಸರ ಎದುರು ಅವಳು ಹಾಗೆ ಕೂಗಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. “ಬಂದಾಗಿಂದ ಮಲಗಿಲ್ರಿ ಅವರು. ಬಾರಿಸ್ರಿ, ನಿಮ್ಮ ಕಾಲ ಬೀಳತೀನಿ.”

ಡೊಳ್ಳಿನವರು ಒಬ್ಬರ ಮುಖ ಒಬ್ಬರು ನೋಡಿ ಬಾರಿಸಿದರು. ಹೊತ್ತು ಇಳಿಯಿತು, ತೋಳು ಸೋತವು, ಸಪ್ಪಳ ನಿಂತಿತು. ಆ ಗಳಿಗೆಗೇ ಮಲಕಾರಿ ಬೆಚ್ಚಿ ಎದ್ದ. ಎರಡೂ ಅಂಗೈ ನೆಲಕ್ಕೆ ಊರಿ, ಸುತ್ತಲೂ ನೋಡಿ, “ನಡುಕ ನಿಂತೈತಿ. ಯಾಕ ನಿಂತೈತಿ? ಜಹಾಜ ಮುರೀತೇನು?” ಎಂದು ಕೂಗಿದ.

ಮೊದಲು ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ವಿಠೋಬಾ ಅವನ ಎದುರು ಕುಕ್ಕರಗಾಲಲ್ಲಿ ಕೂತ. ತನ್ನ ಧೋತರದ ತುದಿಯಿಂದಲೇ ಅವನ ಹಣೆಯ ಭಂಡಾರ ಒರೆಸಿದ. “ದೇವರಲ್ಲ ಇದು. ಏಳೋ ಮಗನ, ಮನಿಗೆ ನಡಿ,” ಎಂದ.

ಮನೆಗೇನೋ ಬಂದ. ನಿದ್ದೆ ಬರಲಿಲ್ಲ, ದಿನಾ ಯಾರು ಡೊಳ್ಳು ಬಾರಿಸುತ್ತಾರೆ? ಪ್ರಶ್ನೆ ಕೇಳುವವರೂ ಬರುವುದು ಬಿಟ್ಟರು. ಮಲಕಾರಿ ಕುರಿ ಹೊಡೆದುಕೊಂಡು ಹೋಗಿ, ಸಂಜೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕೂರುವನು. ಜಹಾಜು ಬಗ್ಗಿದ್ದನ್ನು ಕಂಡ ಇನ್ನೊಬ್ಬ ಮನುಷ್ಯ ಸುತ್ತ ಹಳ್ಳಿಗಳಲ್ಲಿ ಇರಲಿಲ್ಲ.

ಒಂದು ಬೆಳಗಿನ ಜಾವ ನಮ್ಮ ಗೋಡೆಯೊಳಗಿಂದ ಗುರ್‍ರ್‍ ಎಂಬ ಸಪ್ಪಳ ಬಂತು. ಬೆಳಕು ಹರಿದ ಮೇಲೆ ಮಜ್ಜಿಗೆ ಕೇಳುವ ನೆವದಿಂದ ಹೋದೆ. ದುಂಡವ್ವ ಅತ್ತೆಯ ಕಾಲದ ಬೀಸುವ ಕಲ್ಲನ್ನು ಹೊಸದಾಗಿ ಕಟೆಸಿ, ಗೋಡೆಯ ಬುಡಕ್ಕೆ ಹೂಡಿ ಬೀಸುತ್ತಿದ್ದಳು. ಸಣ್ಣಗೆ ನಡುಗುತ್ತಿದ್ದ ಅದೇ ಗೋಡೆಗೆ ಬೆನ್ನು ಹಚ್ಚಿ ಮಲಕಾರಿ ಕೌದಿಯ ಮೇಲೆ ಮಲಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು.

“ಊರಾಗ ಹಿಟ್ಟಿನ ಗಿರಣಿ ಐತಲ್ಲವಾ,” ಎಂದೆ ಮೆಲ್ಲಗೆ.

“ಗಿರಣಿ ಹಿಟ್ಟಿನ ರೊಟ್ಟಿ ಅವರಿಗೆ ಸೇರೂದಿಲ್ರಿ ಆಯಿ.”

“ಕೈ ನೋಯೂದಿಲ್ಲ?”

“ನೋಯ್ತಾವ. ಎಚ್ಚರಿದ್ದಾಗ ಒಂದ ಮಾತಾಡೂದಿಲ್ರಿ. ಮಲಗಿದಾಗರ ಮನ್ಯಾಗ ಇರತಾರ.”

ಎಡಗೈಯಿಂದ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಿದಳು. ಬಲಗೈ ಗೂಟ ಬಿಡಲಿಲ್ಲ. ಹಿಟ್ಟು ಸುತ್ತಲೂ ಉದುರಿತು. ಅದನ್ನು ಎಡಗೈಯಿಂದಲೇ ಕಲ್ಲಿನತ್ತ ಸರಿಸಿ ಬೀಸುತ್ತ ಹೋದಳು.