ಹಳೆಯ ಯಂತ್ರದ ಪರ ನಿಂತವರು

ಎಂಟು ವರ್ಷಗಳ ಹಿಂದೆ, ಯುಗಾದಿಯ ಮರುದಿನ, ಶಿಕಾರಿಪುರದ ಒಂದು ರಿಪೇರಿ ಅಂಗಡಿಯಲ್ಲಿ ಎರಡು ಕಂಪ್ಯೂಟರ್‌ಗಳ ನಡುವೆ ಪಂದ್ಯ ನಡೆಯಿತು. ಅಂಗಡಿಯ ಯಜಮಾನರು ತುಟಿಗಳ ನಡುವೆ ನಾಲ್ಕು ಸ್ಕ್ರೂ ಕಚ್ಚಿಕೊಂಡಿದ್ದರು. ಕೆಲಸದ ವೇಳೆ ಯಾವಾಗಲೂ ಹಾಗೆಯೇ. ಮಾತೂ ಸ್ಕ್ರೂಗಳ ಸಂದಿಯಿಂದಲೇ ಬರುತ್ತಿತ್ತು.

ಸೊರಬದ ನಮ್ಮ ವಾರಪತ್ರಿಕೆಗೆ ಕಂಪ್ಯೂಟರ್ ಬೇಕಿತ್ತು; ಸಂಪಾದಕರೂ ನಾನೂ ಹೋಗಿದ್ದೆವು. ಅಂಗಡಿಯಲ್ಲಿದ್ದ ಹೊಸದರ ವೇಗ ಹೇಳುವ ಗಿಗಾಹರ್ಟ್ಸ್ ಸಂಖ್ಯೆ ದೊಡ್ಡದು. ಯಜಮಾನರು ಪಕ್ಕದ ಹಳೆಯದನ್ನು ತೋರಿಸಿ, ನಿಮ್ಮ ಕೆಲಸಕ್ಕೆ ಅದೇ ಸರಿ ಎಂದರು. ಅಂಗಡಿ ತೆರೆದು ಆರು ತಿಂಗಳಾಗಿತ್ತಷ್ಟೆ. ಹಳೆಯ ಮಾಲು ಸಾಗಹಾಕುತ್ತಾರೆಂಬ ಮಾತು ಆಗಲೇ ಪೇಟೆಯಲ್ಲಿ ಹಬ್ಬಿತ್ತು. ನಮ್ಮ ಸಂಪಾದಕರು ಅದನ್ನು ಮುಖಕ್ಕೇ ಹೇಳಿದರು.

"ಓಡ್ಸಿ ನೋಡ್ರೀ," ಎಂದರು ಯಜಮಾನರು. "ಹಳೇದು ಸೋತ್ರೆ ನೀವೇ ಪೇಟೆ ತುಂಬ ಡಂಗುರ ಹೊಡೀರಿ. ನಾ ಬಾಗ್ಲು ಹಾಕ್ತೀನಿ."

ಚಂದಾದಾರರ ಪಟ್ಟಿಯಲ್ಲಿ ಎರಡೆರಡು ಸಲ ಸೇರಿದ್ದ ಹೆಸರುಗಳನ್ನು ಹುಡುಕುವುದು ಪಂದ್ಯ. ಪ್ರತಿ ಹೆಸರನ್ನೂ ಉಳಿದೆಲ್ಲ ಹೆಸರುಗಳ ಜೊತೆ ತಾಳೆ ನೋಡಬೇಕು. ನಾನು ಈಸೂರಿನ ಪಟ್ಟಿಯನ್ನಷ್ಟೇ ಹಾಕಿದೆ. ಹೊಸದು ಗೆದ್ದಿತು.

"ನಿಮ್ಮ ಅಜ್ಜ ನಿದ್ದೆ ಮಾಡ್ತಾ ಇದಾನೆ ಕಣ್ರೀ," ಎಂದು ಸಂಪಾದಕರು ನಕ್ಕರು.

ಯಜಮಾನರು ಸ್ಕ್ರೂಗಳನ್ನು ಅಂಗೈಗೆ ಉಗುಳಿದರು. "ಪ್ರೊಸೆಸರ್‌ಗೂ ಹಿಂಗೇ ಒಂದು ಬಾಯಿ ಐತ್ರೀ, ಕ್ಯಾಶ್ ಮೆಮೊರಿ ಅಂತ. ಮತ್ತೆ ಮತ್ತೆ ಬೇಕಾದ್ದನ್ನ ಅಲ್ಲೇ ಕಚ್ಕೊಂಡಿರ್ತೈತಿ. ಹಿಡೀಲಿಲ್ಲ ಅಂದ್ರೆ ಒಂದೊಂದು ಸಲಕ್ಕೂ ಸ್ಕ್ರೂ ಡಬ್ಬಿ ತನಕ ಎದ್ದು ಹೋಗ್ಬೇಕು. ಹೊಸದ್ರ ಕೈ ಚುರುಕು, ಬಾಯಿ ಸಣ್ದು. ಈಸೂರು ಒಂದೇ ಆದ್ರೆ ಎರಡಕ್ಕೂ ಹಿಡಿಸ್ತು. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕು ಹಾಕ್ರೀ, ನೋಡಣ."

ಹಾಕಿದೆ. ಹಳೆಯದು ಮುಗಿಸಿದಾಗ ಹೊಸದು ಇನ್ನೂ ಅರ್ಧ ದಾರಿಯಲ್ಲಿತ್ತು.

"ಹಂಗಾರೆ ಯಾವಾಗ್ಲೂ ದೊಡ್ಡ ಬಾಯೇ ಗೆಲ್ತದೆ ಅನ್ನಿ," ಎಂದರು ಸಂಪಾದಕರು.

"ಅದು ಎಲೆಕ್ಷನ್ನಾಗ್ರೀ. ಇಲ್ಲಿ ಕೆಲ್ಸ ಸಣ್ದಿದ್ರೆ ದೊಡ್ಡ ಬಾಯಿ ದಂಡ. ಬರೀ ಅರ್ಜಿ ಟೈಪ್ ಮಾಡೋರಿಗೆ ಹೊಸದನ್ನೇ ಕೊಡ್ತೀನಿ."

ಹಳೆಯ ಯಂತ್ರ ಸೊರಬದ ಬಸ್ ಹತ್ತಿತು. ಆ ವಾರದ ಸಂಚಿಕೆಯಲ್ಲಿ ಸಂಪಾದಕರು ಎರಡೂ ಸುತ್ತಿನ ಫಲಿತಾಂಶವನ್ನು ನಾಲ್ಕು ಸಾಲಿನ ಸುದ್ದಿ ಮಾಡಿದರು. ಪೇಟೆಯ ಮಾತು ನಿಂತಿತು. ಯಜಮಾನರು ಚಂದಾದಾರರಾದರು, ಅಚ್ಚಿನ ತಪ್ಪು ಕಂಡರೆ ಫೋನ್ ಮಾಡಿ ಸುದ್ದಿಯನ್ನು ಪೂರ್ತಿ ಓದಿ ಹೇಳುತ್ತಿದ್ದರು. ಒಂದು ಸಣ್ಣ ಪರೀಕ್ಷೆ ನೋಡಿ ತೀರ್ಪು ಬರೆಯಬಾರದೆಂದು ನಾನು ಕಲಿತದ್ದು ಅವರ ಅಂಗಡಿಯಲ್ಲಿ.

ಕಳೆದ ಮಾಘದಲ್ಲಿ ಅವರು ಅಂಜನಾಪುರದ ಮನೆಯಲ್ಲಿ ತೀರಿಕೊಂಡರು. ಆ ವಿಳಾಸದ ಪ್ರತಿ ಈಗ ಅವರ ಪತ್ನಿಯ ಹೆಸರಿಗೆ ಹೋಗುತ್ತದೆ. ಈ ಗುರುವಾರ ಆಕೆ ಫೋನ್ ಮಾಡಿ ಮೂರನೆಯ ಪುಟದ ಒಂದು ತಪ್ಪು ತೋರಿಸಿದರು.