ಗೇಟ್ ರೂಮಿನ ಶಾಲು

ಹುಣಸೂರು ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಹಡಿ ಮೇಲೆ ಲಾಯರ್ ಶಾಂತಲಾ ಅವರ ಆಫೀಸು. ವಕೀಲಿ ಶುರುವಾದಾಗಿನಿಂದ ಅವರದು ಒಂದೇ ಬಗೆಯ ಕೇಸು, ಕೆಲಸ ಕಳೆದುಕೊಂಡವರದು. ಜಮೀನಿನ ವ್ಯಾಜ್ಯ ಹೊತ್ತು ಬಂದವರನ್ನು ಮೆಟ್ಟಿಲಿನಿಂದಲೇ ಸಾಗಹಾಕುತ್ತಾರೆ. ಹೊಸ ಅಗ್ರಹಾರದ ಕಡೆಯ ಒಕ್ಕಲು ಮನೆತನದ ಹೆಣ್ಣುಮಗಳು, ಬಾಯಿ ಜೋರು. ಕಕ್ಷಿದಾರರು ಎದುರು ಪಾರ್ಟಿಗಿಂತ ಅವರಿಗೇ ಹೆಚ್ಚು ಹೆದರುತ್ತಾರೆ ಅಂದರೆ ಸುಳ್ಳಲ್ಲ.

ಅಂಥ ಶಾಂತಲಾ ಅವತ್ತು ಮೈಸೂರಿನ ಕಾರ್ಮಿಕ ನ್ಯಾಯಾಲಯದ ಮುಂದೆ ನಿಂತು ಉಗುರು ಕಚ್ಚುತ್ತಿದ್ದರು.

ಕೇಸು ಪುಟ್ಟಲಕ್ಷ್ಮಿಯದು. ಅಂತರಸಂತೆಯವಳು, ಕಬಿನಿ ಹಿನ್ನೀರಿನ ಪಕ್ಕದ ಒಂದು ರೆಸಾರ್ಟಿನಲ್ಲಿ ಅಡುಗೆಗಿದ್ದವಳು. ರಾತ್ರಿ ಕೆಲಸ ಮುಗಿಸಿದ ಹೆಂಗಸರು ಆನೆ ಓಡಾಡುವ ರಸ್ತೆಯಲ್ಲಿ ಜೀವ ಕೈಯಲ್ಲಿ ಹಿಡಿದು ಊರು ಸೇರಬೇಕಿತ್ತು. ಮನೆಗೆ ಬಿಡಲು ಒಂದು ಜೀಪು ಕೊಡಿ ಎಂದು ಎಲ್ಲರ ಪರವಾಗಿ ಕೇಳಿದವಳು ಇವಳು. ತಗೊಳ್ಳಿ, ಮುಂದಿನ ವಾರವೇ ಮ್ಯಾನೇಜರಿಗೆ ಇವಳ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು! ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಸಿ, ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೊ ತೆಗೆಸಿದ. ಚಪ್ಪಾಳೆಯ ನಡುವೆ ಇಂಗ್ಲಿಷಿನ ಹಾಳೆಯೊಂದು ಮುಂದೆ ಬಂತು. ಸನ್ಮಾನ ತಲುಪಿದ್ದಕ್ಕೆ ಸೈನು ಅಂದರು, ಹಾಕಿದಳು. ನಮ್ಮ ಜನ ಬೈದರೆ ತಿರುಗಿ ಬೈಯುತ್ತಾರೆ, ಶಾಲು ಹಿಡಿದು ಬಂದವರ ಮುಂದೆ ಮಾತ್ರ ಕುತ್ತಿಗೆ ಬಗ್ಗಿಸಿಬಿಡುತ್ತಾರೆ. ಬೇಡ ಅಂದರೆ ಅವಮರ್ಯಾದೆಯಂತೆ! ಮಾರನೆಯ ದಿನ ಅವಳನ್ನು ಗೇಟಿನಲ್ಲೇ ತಡೆದರು. ನೀನೇ ರಾಜೀನಾಮೆ ಕೊಟ್ಟೆಯಲ್ಲ, ಬೀಳ್ಕೊಡುಗೆಯ ಫೋಟೊ ಇದೆಯಲ್ಲ ಅಂದರು.

ಸೈನು ಅವಳದ್ದೇ, ಫೋಟೊದಲ್ಲಿ ನಗುತ್ತಿರುವವಳೂ ಅವಳೇ. ಸಾಲದ್ದಕ್ಕೆ ಗೇಟಿನ ಕಾವಲುಗಾರ ಮಾದೇಶ್ ಸಾಕ್ಷಿಗೆ ಬಂದಿದ್ದ. ಅವಳ ಊರಿನವನೇ, ಅವಳನ್ನು ಅಕ್ಕ ಅನ್ನುವವನೇ. ‘ಖುಷಿಯಿಂದ ಕೆಲಸ ಬಿಟ್ಟರು’ ಎಂದು ಅವನ ಕೈಯಲ್ಲಿ ಪ್ರಮಾಣಪತ್ರ ಹಾಕಿಸಿದ್ದರು. ಅವತ್ತು ಅವನ ಪಾಟೀಸವಾಲು. ಇಂಥ ಸಾಕ್ಷಿಗಳ ಬೆವರಿಳಿಸಿ ನಿಜ ಕಕ್ಕಿಸುವುದು ಶಾಂತಲಾಗೆ ನೀರು ಕುಡಿದಷ್ಟು ಸಲೀಸು. ಆದರೆ ಕೋರ್ಟಿನ ಬಾಗಿಲಲ್ಲಿ ಪುಟ್ಟಲಕ್ಷ್ಮಿ ಅಡ್ಡ ನಿಂತಳು.

"ಲಾಯ್ರಮ್ಮ, ಮಾದೇಸುನ್ನ ಸುಳ್ಳುಗಾರ ಅಂತ ಮಾಡ್ಬ್ಯಾಡಿ. ಅವ್ನ ಕೆಲ್ಸನೂ ಓಯ್ತದೆ. ಅವ್ನ ಮನೆ ಒಲೆ ಆರ್ಸಿ ನನ್ ಒಲೆ ಅಚ್ಕೊಳಾದು ನಂಗೆ ಬ್ಯಾಡ ಕಣ್ರವ್ವ."

"ನಿನ್ನ ಕತ್ತು ಕೊಯ್ದವನು ಕಣೇ ಅವನು!"

"ಅವ್ರು ಕುಯ್ಸುದ್ರು. ಅವ್ನಾಗೇ ಕುಯ್ನಿಲ್ಲ."

ಶಾಂತಲಾಗೆ ಪಿತ್ತ ನೆತ್ತಿಗೇರಿತು. ಕೈಕಾಲು ಕಟ್ಟಿ ಹೊಳೆಗೆ ನೂಕಿ ಈಜು ಅನ್ನುತ್ತಾಳಲ್ಲ ಇವಳು! ಶಾಲನ್ನಾದರೂ ತಂದಿದ್ದೀಯಾ ಎಂದು ಗದರಿದರು.

"ಅದು ನನ್ ತಾವ್ಲಿಲ್ಲ. ಅಡ್ಗೆ ಎಣ್ಣೆ ಅದ್ರ ಮ್ಯಾಲೆ ಆರೀತು ಅಂತ ಮಾದೇಸನ ಗೇಟ್ ರೂಮಲ್ಲಿ ಮಡಗಿ ಅಡ್ಗೆಮನೆಗೋದೆ. ಅಲ್ಲೇ ಉಳ್ಕತು."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳ್ನಿಲ್ವಲ್ಲ ಅಂದಳು. ಅಷ್ಟರಲ್ಲಿ ಒಳಗಿನಿಂದ ಕೇಸಿನ ನಂಬರು ಕೂಗಿದರು.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಬಾರದು ಎಂಬುದು ಶಾಂತಲಾ ಕಿರಿಯ ವಕೀಲರಿಗೆ ಹೇಳಿಕೊಡುವ ಮೊದಲ ಪಾಠ. ಆ ಶಾಲು ಇನ್ನೂ ಅಲ್ಲಿದೆಯೋ, ಯಾರಾದರೂ ಎತ್ತಿಕೊಂಡು ಹೋದರೋ, ಇದ್ದರೂ ಇವನು ಹೇಳುತ್ತಾನೋ ದೇವರೇ ಬಲ್ಲ. ಮಾದೇಶ್ ಕಟಕಟೆ ಹಿಡಿದು ನಿಂತಿದ್ದ. ಹಿಂದಿನ ಬೆಂಚಿನಿಂದ ಮ್ಯಾನೇಜರ್ ಅವನನ್ನೇ ದುರುಗುಟ್ಟಿ ನೋಡುತ್ತಿದ್ದ.

"ಮಾದೇಶ್, ನಿನ್ನ ರೂಮಿನಲ್ಲಿ ಇಟ್ಟ ವಸ್ತು ಕಳೆದುಹೋಗುತ್ತಂತೆ, ಹೌದಾ?"

ಅವನ ಮುಖ ಕೆಂಪಾಯಿತು. "ಯಾವನಂದೋನು? ಗೆಸ್ಟ್‌ಗಳು ಬುಟ್ಟೋದ ಕನ್ನಡಕನೂ ಜೋಪಾನ ಮಾಡಿವ್ನಿ."

"ಹಾಗಾದರೆ ಪುಟ್ಟಲಕ್ಷ್ಮಿಯ ಸನ್ಮಾನದ ಶಾಲು ಎಲ್ಲಿ?"

ಇಲ್ಲ, ಗೊತ್ತಿಲ್ಲ ಅಂದುಬಿಟ್ಟರೆ ಕೇಸು ಅಲ್ಲಿಗೇ ನೆಗೆದುಬಿತ್ತು.

"ನನ್ ರೂಮಲ್ಲೇ ಅದೆ! ಧೂಳ್ ಕೂರ್ದಂಗೆ ಕವರ್‌ಗಾಕಿ ಮಡಗಿವ್ನಿ. ಅಡ್ಗೆ ಆಗ್ಬೇಕು ಕಣ್ಲಾ, ನಾಳೀಕ್ ಬಂದು ಈಸ್ಕತೀನಿ ಅಂತಂದು ಅಕ್ಕ ಒಳೀಕೋದ್ರು. ಮಾರ್ನೆ ದಿನ ಒಳೀಕ್ ಬುಡ್ಬ್ಯಾಡ ಅಂದ್ಬುಟ್ರಲ್ಲ, ಎಂಗ್ ಕೊಡ್ಲಿ ನಾನು?"

ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನು ನೋಡಿದರು. ಹೇಳಿದ್ದನ್ನು ಹಾಗೇ ಬರೆಸಿಕೊಂಡರು. ಬೀಳ್ಕೊಡುಗೆ ಮಾಡಿಸಿಕೊಂಡವಳು ಅಡುಗೆ ಮಾಡಲು ವಾಪಸು ಹೋಗುತ್ತಾಳೆಯೇ, ನಾಳೆ ಬರುತ್ತೇನೆ ಅನ್ನುತ್ತಾಳೆಯೇ?

ಒಳಗೆ ಬಿಡಬೇಡ ಅಂದವರು ಯಾರು? ಆ ಪ್ರಶ್ನೆ ಶಾಂತಲಾರ ನಾಲಿಗೆಯ ತುದಿಗೆ ಬಂದು ಕೂತಿತು. ಕೇಳಿದರೆ ಕೇಸಿಗೆ ಮೊಳೆ ಹೊಡೆದಂತೆ. ಆದರೆ ಧಣಿಯ ಎದುರೇ ಧಣಿಯ ಹೆಸರು ಹೇಳಿದ ಮೇಲೆ ಮಾದೇಶ್ ಉಳಿಯುತ್ತಾನೆಯೇ? ಪುಟ್ಟಲಕ್ಷ್ಮಿ ಬಾಗಿಲ ಬಳಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಶಾಂತಲಾ ಪ್ರಶ್ನೆಯನ್ನು ನುಂಗಿಕೊಂಡರು. ಬೇರೆ ಪ್ರಶ್ನೆ ಇಲ್ಲ ಎಂದು ಕೂತುಬಿಟ್ಟರು. ಎದುರು ವಕೀಲ ಮಹೇಶ್‌ಕುಮಾರ್ ಅರ್ಧ ಎದ್ದವರು, ಏನೋ ಯೋಚಿಸಿ, ತಾವೂ ಕೂತರು.

ಮಳೆಗಾಲ ಕಳೆದು ತೀರ್ಪು ಬಂತು. ಪುಟ್ಟಲಕ್ಷ್ಮಿಯನ್ನು ಅದೇ ಕೆಲಸಕ್ಕೆ ವಾಪಸು ತೆಗೆದುಕೊಳ್ಳಬೇಕು. ಅವಳು ಕೆಲಸಕ್ಕೆ ಹಾಜರಾದ ದಿನ ಶಾಂತಲಾ ಆಫೀಸಿನ ಎದುರಿನ ಹೋಟೆಲಿನಿಂದ ಮೈಸೂರುಪಾಕು ತರಿಸಿದ್ದರು. ತಿನ್ನಲು ಕೂತಾಗ ಬಾಗಿಲಲ್ಲಿ ಮಾದೇಶ್ ನಿಂತಿದ್ದ. ಕೈಯಲ್ಲಿ ಎರಡು ಪ್ಲಾಸ್ಟಿಕ್ ಕವರು.

"ಇದು ಅಕ್ಕಂದು. ಅವ್ರಿಗೆ ಕೊಟ್ಬುಡಿ ಮೇಡಂ."

"ಇನ್ನೊಂದು?"

"ನಂದು. ನೆನ್ನೆ ನಂಗೂ ಶಾಲು ಒದಿಸುದ್ರು."

ಅವತ್ತು ನುಂಗಿಕೊಂಡ ಪ್ರಶ್ನೆ ಇವನನ್ನು ಉಳಿಸಲಿಲ್ಲ. ಅಯ್ಯೋ, ಏನು ಜನವಪ್ಪಾ ಇವರು, ಬುದ್ಧಿಯಾದರೂ ಬೇರೆ ಓಡಬಾರದೆ!

"ಸೈನ್ ಹಾಕಿದ್ಯೇನೋ?"

"ಇಲ್ಲ ಕಣ್ರವ್ವ. ಅಕ್ಕನ ಪಾಡು ನೋಡಿವ್ನಲ್ಲ. ಶಾಲು ಈಸ್ಕಂಡೆ, ಪೆನ್ನು ಈಸ್ಕಳ್ನಿಲ್ಲ. ನಾಳೆಯಿಂದ ಬರ್ಬ್ಯಾಡ ಅಂದ್ರು."

"ಇವತ್ತು ನಿಂದು ಯಾವ ಶಿಫ್ಟು?"

"ಎಲ್ಡ್ ಗಂಟೆದು."

"ಮತ್ತೆ ಇಲ್ಲೇನೋ ಮಾಡ್ತಿದ್ದೀಯಾ? ನೀನು ಹೋಗದೇ ಇದ್ದರೆ ತಾನೇ ಅವರಿಗೆ ಬೇಕಾಗಿರೋದು. ಅವನೇ ಕೆಲಸ ಬಿಟ್ಟು ಓಡಿಹೋದ ಅಂತಾರೆ."

ಶಾಂತಲಾ ಎದ್ದು ಕೋಟು ತಗೊಂಡರು. ಮೈಸೂರುಪಾಕಿನ ತಟ್ಟೆ ಮುಚ್ಚಿಟ್ಟು, ಆಫೀಸಿಗೆ ಬೀಗ ಜಡಿದು, ಅವನ ಹಿಂದೆಯೇ ಮೆಟ್ಟಿಲಿಳಿದರು.

"ನಡಿ, ಡ್ಯೂಟಿಗೆ ಹೊತ್ತಾಯ್ತು. ಒಳಗೆ ಬಿಡದಿದ್ರೆ ಗೇಟಿನ ಆಚೆ ಇಬ್ಬರೂ ನಿಲ್ಲೋಣ."